ಎಡಗೈಯ ಗಿಂಡಿ

ನೇಪಲ್ಸ್‌ನ ಸಾನಿತಾ ಓಣಿಯಲ್ಲಿ ಕತಾಲ್ದೊನನ್ನು ಅರಿಯದವರಿರಲಿಲ್ಲ. ಅವನಿಗೆ ಮಾತ್ರ ಯಾರ ಮೇಲೂ ನಂಬಿಕೆ ಇರಲಿಲ್ಲ. ಮೊಟ್ಟೆ ಕೊಂಡರೆ ಬಿಸಿಲಿಗೆ ಹಿಡಿದು ನೋಡುವನು, ಮೀನು ಕೊಂಡರೆ ಕಿವಿರು ಬಿಡಿಸಿ ಮೂಸುವನು. ಪಕ್ಕದ ಮನೆಯವಳು ಹಬ್ಬಕ್ಕೆ ಸಿಹಿರೊಟ್ಟಿ ಕಳಿಸಿದರೆ, ಇವಳಿಗೆ ನನ್ನಿಂದ ಏನಾಗಬೇಕಾಗಿದೆಯೋ ಎಂದು ಯೋಚಿಸಿ, ಆಮೇಲೆ ತಿನ್ನುವನು. ಕಸುಬೂ ಹಾಗೇ ಇತ್ತೆನ್ನಿ. ಹಳೇ ಗೋರಿಗಳನ್ನು ಅಗೆದಾಗ ಸಿಗುವ ಗ್ರೀಕ್ ಹೂಜಿಗಳ ಚೂರುಗಳನ್ನು ಕೂಡಿಸಿ ನಿಲ್ಲಿಸುವುದು ಅವನ ಕೆಲಸ. ಪೇಟೆಗೆ ಬರುವ ಅಂಥ ಹೂಜಿಗಳಲ್ಲಿ ಎಷ್ಟೋ ನಿನ್ನೆ ಮೊನ್ನೆ ಸುಟ್ಟವು. ಇದು ಅಸಲಿ ಎಂದು ಕತಾಲ್ದೊ ಚೀಟಿ ಬರೆದುಕೊಟ್ಟರೆ ಕೊಳ್ಳುವವರು ಮರುಮಾತಾಡುತ್ತಿರಲಿಲ್ಲ.

ಅವನ ಬಲಗೈ ಹೆಬ್ಬೆರಳಿಗೆ ಚಿಕ್ಕಂದಿನಲ್ಲೇ ಚಾಕು ತಗಲಿ ಅಡ್ಡಕ್ಕೆ ಒಂದು ಗೆರೆ ಬಿದ್ದಿತ್ತು. ಆಣೆ ಇಡುವಾಗ ಆ ಹೆಬ್ಬೆರಳಿಗೆ ಮುತ್ತಿಡುವುದು ಅವನ ಅಭ್ಯಾಸ. "ಈ ಬೆರಳು ಸುಳ್ಳು ಹೇಳಲ್ಲ" ಎನ್ನುವನು. ನಂಬುತ್ತಿದ್ದದ್ದು ಅದೊಂದನ್ನೇ.

ಮೂವತ್ತು ವರ್ಷದ ಹಿಂದೆ, ಊರಿನಲ್ಲಿದ್ದ ವಿದೇಶಿ ಶ್ರೀಮಂತನೊಬ್ಬ ಹೂಜಿಗಳ ದೊಡ್ಡ ಚಿತ್ರಪುಸ್ತಕ ಮಾಡಿಸಿದ. ಚೂರುಗಳನ್ನು ಕೂಡಿಸಿ, ಹೂಜಿಗೆ ಎಣ್ಣೆ ಹಚ್ಚಿದ ತೆಳುಕಾಗದ ಸುತ್ತಿ ಅದರ ಚಿತ್ರವನ್ನು ಇದ್ದಂತೆ ತೆಗೆಯುವ ಕೆಲಸ ಕತಾಲ್ದೊನದು. ಅದನ್ನು ತಾಮ್ರದ ತಗಡಿನ ಮೇಲೆ ಕೊರೆಯುವ ಕೆಲಸ ಅವನ ಜೀವದ ಗೆಳೆಯ ಅನಿಯೆಲ್ಲೊನದು. ತಗಡಿನಲ್ಲಿ ಬಲಕ್ಕಿದ್ದದ್ದು ಅಚ್ಚಿನಲ್ಲಿ ಎಡಕ್ಕೆ ಬೀಳುತ್ತದೆ. ಹಾಗಾಗಿ ಕೊರೆಯುವವನು ಚಿತ್ರವನ್ನು ತಿರುಗಿಸಿಯೇ ಕೊರೆಯಬೇಕು. ಪುಸ್ತಕ ಬಂತು. ಯುದ್ಧಕ್ಕೆ ಹೊರಟ ಹುಡುಗನ ಬಟ್ಟಲಿಗೆ ಹೆಂಗಸೊಬ್ಬಳು ಗಿಂಡಿಯಿಂದ ದ್ರಾಕ್ಷಾರಸ ಎರೆಯುತ್ತಿರುವ ಹಾಳೆಯನ್ನು ಕತಾಲ್ದೊ ಬಿಡಿಸಿದ. ಗಿಂಡಿ ಅವಳ ಎಡಗೈಯಲ್ಲಿತ್ತು. ಅವನ ಕಾಗದದಲ್ಲಿ ಇದ್ದದ್ದು ಬಲಗೈಯಲ್ಲಿ.

"ತಿರುಗಿಸೋದು ಮರೆತೆಯಲ್ಲೋ ಕುಡುಕ!" ಎಂದು ಎಲ್ಲರೆದುರು ಕೂಗಾಡಿದ. ಅನಿಯೆಲ್ಲೊ ಬಾಯಿ ತೆರೆದು, ಮತ್ತೆ ಮುಚ್ಚಿ, ಟೋಪಿ ಹಾಕಿಕೊಂಡು ಹೊರಟುಹೋದ. ತಪ್ಪು ಮಾಡದವನು ಸುಮ್ಮನಿರುತ್ತಾನೆಯೇ ಎಂದುಕೊಂಡ ಕತಾಲ್ದೊ. ಹೂಜಿ ಯಾವನೋ ದೊರೆಯ ಅರಮನೆ ಸೇರಿತು. ಕಾಗದ ಕತಾಲ್ದೊನ ಗೋಡೆ ಸೇರಿತು, ಚೌಕಟ್ಟಿನೊಳಗೆ, ಸಾಕ್ಷಿಯಾಗಿ.

ಆ ಪುಸ್ತಕವೋ ಲೋಕವನ್ನೇ ಹೊಕ್ಕಿತು. ಅದನ್ನು ಕೊಳ್ಳಲಾಗದವರು ಒಂದೊಂದು ಹಾಳೆಯನ್ನು ನಕಲು ಮಾಡಿಕೊಂಡರು. ಇಂಗ್ಲೆಂಡಿನ ಕುಂಬಾರರು ಚಹಾ ಬಟ್ಟಲಿನ ಮೇಲೆ ಗಿಂಡಿಯವಳನ್ನು ಅಂಟಿಸಿದರು, ಪ್ಯಾರಿಸ್ಸಿನ ಬಡಗಿಗಳು ಅವಳು ಕೂತಿದ್ದ ಕುರ್ಚಿಯ ಕಾಲನ್ನೇ ಕೆತ್ತಿದರು. ನೇಪಲ್ಸ್‌ನ ಹೆಂಗಸರು ಅವಳ ಹಾಗೆ ತುರುಬು ಕಟ್ಟಿ, ಅವಳದೇ ಚಿತ್ರದ ಬೀಸಣಿಗೆ ಬೀಸಿಕೊಂಡು ತಿರುಗಿದರು. ಎಲ್ಲೆಲ್ಲೂ ಎಡಗೈ. ಕತಾಲ್ದೊನಿಗೆ ಹೊಟ್ಟೆ ಉರಿಯುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಇಡೀ ಲೋಕ ಒಬ್ಬ ಕುಡುಕನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡಿದೆ, ಸತ್ಯ ಗೊತ್ತಿರುವವನು ತಾನೊಬ್ಬನೇ!

ದೇವರಿಗೆ ತಮಾಷೆ ಜಾಸ್ತಿ. ಹೆಂಡತಿ ಸತ್ತ ಮೇಲೆ ಕತಾಲ್ದೊನಿಗೆ ಉಳಿದದ್ದು ಒಬ್ಬಳೇ ಮಗಳು, ನುನ್ಸಿಯಾ. ಅವಳು ಹಟ ಹಿಡಿದು ಮದುವೆಯಾದದ್ದು ಅನಿಯೆಲ್ಲೊನ ಮಗ ಸಾಬಾತೊನನ್ನು. ಅವನು ತಟ್ಟೆ ಮಾಡುವ ಕಾರ್ಖಾನೆಯಲ್ಲಿ ಅದೇ ಪುಸ್ತಕದ ಚಿತ್ರ ಬರೆಯುವವನು. ಮಗಳ ಮುಖ ನೋಡಿ ಕತಾಲ್ದೊ ಭಾನುವಾರದ ಊಟಕ್ಕೆ ಅಳಿಯನನ್ನು ಕರೆಯುತ್ತಿದ್ದ. ಬೀಗನನ್ನು ಮಾತ್ರ ಒಮ್ಮೆಯೂ ಕರೆಯಲಿಲ್ಲ.

ಹೀಗಿರುವಾಗ ವ್ಯಾಪಾರಿ ಡಾನ್ ಲಿಬೋರಿಯೊ ಒಂದು ಬುಟ್ಟಿ ಚೂರು ತಂದ.

"ನೋಲಾದ ಗೋರಿಯಿಂದ ಈಗಷ್ಟೇ ಬಂದಿದ್ದು. ಜರ್ಮನಿಯವರೊಬ್ಬರು ಕಾಯ್ತಿದಾರೆ. ಮಂಗಳವಾರದೊಳಗೆ ಕೂಡ್ಸಿ, ಒಂದು ಚೀಟಿ ಬರ್ಕೊಡಿ ಯಜಮಾನ್ರೇ."

ಕತಾಲ್ದೊ ಚೂರುಗಳನ್ನು ಮೇಜಿನ ಮೇಲೆ ಹರಡಿ ಒಂದೊಂದನ್ನೇ ತಿರುಗಿಸಿ ನೋಡಿದ. ಹುಡುಗ, ಬಟ್ಟಲು, ಗಿಂಡಿಯವಳು. ಗಿಂಡಿ ಎಡಗೈಯಲ್ಲಿ. ಅಸಲಿಯಲ್ಲಿ ಅವಳು ಬಲಗೈಯವಳು, ಎಡಗೈಯವಳು ಹುಟ್ಟಿದ್ದೇ ಪುಸ್ತಕದಲ್ಲಿ. ಅಂದಮೇಲೆ ಇದನ್ನು ಬರೆದವನು ಪುಸ್ತಕ ನೋಡಿ ಬರೆದಿದ್ದಾನೆ. ಇಷ್ಟು ನಯವಾಗಿ ಬರೆಯಬಲ್ಲ ಕೈ ಊರಿನಲ್ಲಿ ಒಂದೇ, ಅದೂ ತನ್ನ ಮನೆಯಲ್ಲೇ ಉಣ್ಣುವ ಕೈ.

ಮದ್ಯಸಾರದಲ್ಲಿ ಬಟ್ಟೆ ಅದ್ದಿ ಉಜ್ಜಿದ. ಹೊಸ ಬಣ್ಣವಾದರೆ ಬಟ್ಟೆಗೆ ಹತ್ತಬೇಕು. ಹತ್ತಲಿಲ್ಲ. 'ಕಳ್ಳ, ಚೆನ್ನಾಗಿ ಸುಟ್ಟಿದ್ದಾನೆ' ಎಂದುಕೊಂಡ. ಮಣ್ಣಿನ ಸಂದಿನಲ್ಲಿ ಹಳೇ ಬೇರಿನ ಗುರುತಿತ್ತು, ನೂರಾರು ವರ್ಷ ಹೂತಿದ್ದ ಹೂಜಿಗೆ ಮಾತ್ರ ಬೀಳುವಂಥದ್ದು. 'ಭಲೇ, ಬೇರನ್ನೂ ಬಿಟ್ಟಿಲ್ಲ!' ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಭಾನುವಾರ ಮಗಳು ಮ್ಯಾಕರೋನಿ ಬಡಿಸುತ್ತಿದ್ದಳು. ಕತಾಲ್ದೊ ಚಮಚ ಕೆಳಗಿಟ್ಟ.

"ಏನು ಅಳಿಯಂದಿರೇ, ನೋಲಾ ಕಡೆ ಓಡಾಟ ಜಾಸ್ತಿಯಾದ ಹಾಗಿದೆ?"

"ನೋಲಾಗೆ ನಾನ್ಯಾಕೆ ಹೋಗ್ಲಿ ಮಾವ?" ಎಂದ ಸಾಬಾತೊ.

"ಗೋರಿಯಲ್ಲಿ ಹೂಜಿ ಹೂಳೋಕೆ. ಅಪ್ಪ ತಪ್ಪು ಕೊರೆದ, ಮಗ ಆ ತಪ್ಪನ್ನೇ ಮಾರ್ತಿದಾನೆ. ಬಿತ್ತಿದ್ದೇ ತಾನೆ ಬೆಳೆಯೋದು!"

ಸಾಬಾತೊನ ಮುಖ ಕೆಂಪಾಯಿತು. "ನನ್ನ ಏನು ಬೇಕಾದ್ರೂ ಅನ್ನಿ. ಅಪ್ಪನ ಸುದ್ದಿಗೆ ಬರ್ಬೇಡಿ. ನಾನು ಆ ಹೂಜಿ ಕಣ್ಣಲ್ಲೂ ಕಂಡಿಲ್ಲ."

"ನೀನೇ ಬರೆದಿದ್ದು," ಎಂದು ಕತಾಲ್ದೊ ಹೆಬ್ಬೆರಳಿಗೆ ಮುತ್ತಿಟ್ಟ. "ಈ ಬೆರಳಾಣೆ! ಮಂಗಳವಾರ ಲಿಬೋರಿಯೊಗೆ ನಿನ್ನ ಹೆಸರು ಹೇಳ್ತೀನಿ. ಆಮೇಲೆ ಜೈಲಲ್ಲಿ ಕೂತ್ಕೊಂಡು ಗೋಡೆ ಮೇಲೆ ಬರಿ."

ಸಾಬಾತೊ ತಟ್ಟೆ ಬಿಟ್ಟು ಎದ್ದ. ನುನ್ಸಿಯಾ ಸೌಟು ಹಾಗೇ ಬಿಟ್ಟು ಮುಸುಕು ಎಳೆದುಕೊಂಡಳು. "ಅಪ್ಪಾ, ಅಮ್ಮ ಸಾಯೋವಾಗ್ಲೂ ನೀನು ವೈದ್ಯರ ಮದ್ದು ಮೂಸಿ ನೋಡ್ತಾ ಕೂತಿದ್ದೆ. ನಾನು ಏನೂ ಅನ್ಲಿಲ್ಲ. ಈಗ ಹೇಳ್ತೀನಿ ಕೇಳು, ಇವ್ರ ಹೆಸರು ನಿನ್ನ ಬಾಯಿಂದ ಹೊರಗೆ ಬಿದ್ರೆ ನಿನಗೆ ಮಗಳಿಲ್ಲ."

ಬಾಗಿಲು ಹಾಕಿಕೊಂಡಿತು. ಮೂರು ತಟ್ಟೆ ಮ್ಯಾಕರೋನಿ ಆರಿತು. ಕತಾಲ್ದೊನಿಗೆ ಅಳು ಬಂತು, ಆದರೂ ಪಟ್ಟು ಬಿಡಲಿಲ್ಲ. ಮಗಳೆಂದು ಸುಳ್ಳು ಚೀಟಿ ಬರೆದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು.

ಸೋಮವಾರ ಬೆಳಗ್ಗೆ ಹೂಜಿ ಕೂಡಿಸಲು ಕೂತ. ಹಿಡಿಯ ಬುಡದಲ್ಲಿ, ಒಳಮಗ್ಗುಲಲ್ಲಿ, ಯಾವುದೋ ಗಾರೆ ಅಂಟಿಕೊಂಡು ಚೂರು ಸರಿಯಾಗಿ ಕೂರುತ್ತಿರಲಿಲ್ಲ. ಗೋರಿಯಿಂದ ಬಂದ ಹೂಜಿಯೊಳಗೆ ಗಾರೆ ಎಲ್ಲಿಂದ? ಯಾರೋ ಇದನ್ನು ಹಿಂದೆಯೇ ಕೂಡಿಸಿದ್ದಾರೆ. ಲಿಬೋರಿಯೊ ಹಳೇ ಅಂಟನ್ನು ಬಿಸಿನೀರಲ್ಲಿ ಬಿಡಿಸಿ, ಹೊಸದಾಗಿ ಸಿಕ್ಕಿದ್ದೆಂದು ಕತೆ ಕಟ್ಟಿದ್ದಾನೆ. ಕತಾಲ್ದೊ ಗಾರೆಯ ಮೇಲಿನ ಕೊಳೆ ಒರೆಸಿ ಕಿಟಕಿಯ ಬೆಳಕಿಗೆ ಹಿಡಿದ.

ಹಸಿ ಇದ್ದಾಗ ಒತ್ತಿದ ಹೆಬ್ಬೆರಳಿನ ಗುರುತು. ನಡುವೆ ಅಡ್ಡಕ್ಕೆ ಒಂದು ಗೆರೆ.

ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟ. ಗೆರೆಗೆ ಗೆರೆ ಕೂತಿತು.

ಅಂದು ತಾನೇ ಕೂಡಿಸಿದ್ದ ಹೂಜಿ, ದೊರೆಯ ಅರಮನೆಯಿಂದ ಹೇಗೋ ಹೊರಬಿದ್ದು ಮತ್ತೆ ಚೂರಾಗಿ ತನ್ನ ಮೇಜಿಗೇ ಬಂದಿತ್ತು. ಉಳಿದ ಚೂರುಗಳನ್ನೂ ಕೂಡಿಸಿ ನಿಲ್ಲಿಸಿದ. ಆಮೇಲೆ ಗೋಡೆಯ ಚೌಕಟ್ಟು ಇಳಿಸಿ, ಕಾಗದ ತೆಗೆದು, ಹೂಜಿಗೆ ಸುತ್ತಿದ. ಹೊಂದಲಿಲ್ಲ. ಹುಡುಗನಿರುವ ಕಡೆ ಹೆಂಗಸು ಬಂದಳು. ಕಾಗದದ ಹಿಂಬದಿಯನ್ನು ಮುಂದೆ ಮಾಡಿ ಮತ್ತೆ ಸುತ್ತಿದ. ಮೂಗಿಗೆ ಮೂಗು, ಬೆರಳಿಗೆ ಬೆರಳು, ಗಿಂಡಿಗೆ ಗಿಂಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಎಣ್ಣೆ ಹಚ್ಚಿದ ಕಾಗದ ಎರಡು ಕಡೆಯಿಂದಲೂ ಒಂದೇ ಥರ ಕಾಣುತ್ತದೆ. ಅಂದು ಅದನ್ನು ಅವನು ಗೆಳೆಯನ ಕೈಗೆ ಕೊಟ್ಟದ್ದೇ ಮಗುಚಿ. ಮೂವತ್ತು ವರ್ಷ ಅದನ್ನೇ ಗೋಡೆಯ ಮೇಲಿಟ್ಟು ಲೋಕವನ್ನೆಲ್ಲ ಸುಳ್ಳು ಎಂದಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಅವನು ಎಲ್ಲವನ್ನೂ ಪ್ರಮಾಣಿಸಿ ನೋಡಿದ್ದ, ತನ್ನದೊಂದನ್ನು ಬಿಟ್ಟು.

ಕಾಗದ ಸುರುಳಿ ಸುತ್ತಿಕೊಂಡು, ಟೋಪಿ ಕೂಡ ಹಾಕದೆ, ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅನಿಯೆಲ್ಲೊನ ಮನೆಯ ಮೆಟ್ಟಿಲು ಹತ್ತಿದ. ಬಾಗಿಲು ತೆರೆದವಳು ನುನ್ಸಿಯಾ. ಅವಳ ಹಿಂದೆ ಸಾಬಾತೊ ಮುಷ್ಟಿ ಬಿಗಿದು ನಿಂತಿದ್ದ. ಕತಾಲ್ದೊ ಅಳಿಯನ ಮುಂದೆ ತಲೆ ತಗ್ಗಿಸಿ, "ಹೂಜಿ ಅಸಲಿ ಕಣಪ್ಪಾ. ನಾನೇ ಕೂಡಿಸಿದ್ದು. ತಪ್ಪಾಯ್ತು" ಎಂದ. ನುನ್ಸಿಯಾ ದಾರಿ ಬಿಟ್ಟಳು.

ಒಳಗೆ ಕಿಟಕಿಯ ಬಳಿ ಅನಿಯೆಲ್ಲೊ ಕೂತಿದ್ದ. ತಾಮ್ರ ಕೊರೆದೂ ಕೊರೆದೂ ಕಣ್ಣು ಮಂಜಾಗಿತ್ತು. ಕತಾಲ್ದೊ ಕಾಗದವನ್ನು ಅವನ ತೊಡೆಯ ಮೇಲಿಟ್ಟ. ಮುದುಕ ಬೆರಳಾಡಿಸಿ ಎಣ್ಣೆಕಾಗದದ ಗುರುತು ಹಿಡಿದ.

"ಗಿಂಡಿಯವಳಾ?"

"ನಾನು ಮಗುಚಿ ಕೊಟ್ಟಿದ್ದೆ," ಎಂದ ಕತಾಲ್ದೊ. "ನಿನಗೆ ಗೊತ್ತಿತ್ತಾ?"

"ಅನುಮಾನ ಬಂತು. ಹೋಗಿ ಹೂಜಿ ನೋಡ್ಕೊಂಡು ಬಂದೇ ಕೊರೆದೆ."

"ಅವತ್ತೇ ಯಾಕೆ ಹೇಳ್ಲಿಲ್ವೋ ಪಾಪಿ? ಮೂವತ್ತು ವರ್ಷ!"

ಅನಿಯೆಲ್ಲೊ ಕಾಗದವನ್ನು ಮೆಲ್ಲಗೆ ಸುರುಳಿ ಸುತ್ತಿ ವಾಪಸು ಕೊಟ್ಟ.

"ಹೇಳೋಕಂತಲೇ ಬಾಯಿ ತೆಗೆದೆ ಕತಾಲ್ದೊ. ನಿನ್ನ ಮುಖ ನೋಡ್ದೆ. ಹೇಳಿದ್ರೆ ನಂಬ್ತಿದ್ಯಾ?"