ಇಳಿದದ್ದು ಯಾವುದು?

ನಾನು ಸೇಫ್ಟಿ ಆಫೀಸರ್ ಕೆಲಸದಿಂದ ನಿವೃತ್ತಳಾಗುವುದಕ್ಕೆ ಹಿಂದಿನ ಮಳೆಗಾಲ. ಫೋಂಡಾದ ಹೊರವಲಯದಲ್ಲಿ ಗುಡ್ಡದ ಪಕ್ಕೆಯನ್ನು ಕಡಿದು ಒಂದು ಗೋದಾಮು ಕಟ್ಟುತ್ತಿದ್ದರು. ಅಲ್ಲಿಗೆ ನನ್ನನ್ನು ಹಾಕಿದ್ದರು. ಊರು ಧಾರವಾಡವಾದರೂ ನನ್ನ ನೌಕರಿಯ ಬಹುಕಾಲ ಕಳೆದದ್ದು ಗೋವಾದಲ್ಲೇ. ಕಡಿದ ಗುಡ್ಡ ಜಾರದಂತೆ ಹಿಡಿದು ನಿಲ್ಲಿಸಲು ಕಟ್ಟುವ ಗೋಡೆಗೆ ರಿಟೇನಿಂಗ್ ವಾಲ್ ಅಥವಾ ತಡೆಗೋಡೆ ಎನ್ನುತ್ತಾರೆ. ನಮ್ಮ ತಡೆಗೋಡೆ ಎರಡು ಆಳಿಗಿಂತ ಎತ್ತರವಿತ್ತು. ಅದರ ಬುಡದಲ್ಲೇ ಕೂಲಿಕಾರರ ತಗಡಿನ ಶೆಡ್ಡುಗಳು. ಅವು ಅಲ್ಲಿರುವುದು ಸರಿಯಲ್ಲ ಎಂದು ನಾನು ಮೇಲಿನವರಿಗೆ ಹೇಳುತ್ತಲೇ ಇದ್ದೆ. ಬೇರೆ ಜಾಗ ಎಲ್ಲಿದೆ ಎಂದು ಅವರು ಕೇಳುತ್ತಲೇ ಇದ್ದರು.

ಶೆಡ್ಡುಗಳಲ್ಲಿದ್ದವರು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ ಕಡೆಯ ಸಂಸಾರಗಳು. ಅವರ ಮುಕಾದಮ್ ಹುಸೇನಸಾಬ ಸಿಂದಗಿ ಕಡೆಯವರು. ಆಳುಗಳನ್ನು ಕರೆತಂದು ಕೆಲಸ ಹಂಚುವ ಹೊಣೆ ಅವರದು. ಕನ್ನಡ ಶಾಲೆಯಲ್ಲಿ ಕೆಲವೇ ವರ್ಷ ಓದಿ, ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುವಷ್ಟೇ ಬಂದರೂ ಇಂಗ್ಲಿಷ್ ಪದಗಳೆಂದರೆ ಅವರಿಗೆ ಬಲು ಆಸೆ. ಹೊಸದೊಂದು ಕಿವಿಗೆ ಬಿದ್ದರೆ ನನ್ನ ಬಳಿ ಬಂದು ಅರ್ಥ ಕೇಳಿ, ಸಂಜೆಯೊಳಗೆ ಅದನ್ನು ಯಾರ ಮೇಲಾದರೂ ಪ್ರಯೋಗಿಸಿ ಬಿಡುತ್ತಿದ್ದರು.

ಆ ವರ್ಷ ಅವರ ಮಗಳಿಗೆ ಡೆಂಗಿ ಬಂದಿತ್ತು. ಆಸ್ಪತ್ರೆಯಿಂದ ಮರಳಿದ ದಿನ ನೇರ ನನ್ನ ಕೋಣೆಗೇ ಬಂದರು.

“ಮೇಡಂ, ಫೀವರ್ ಸಬ್‌ಸೈಡ್ ಆಗೇತಿ ಅಂದ್ರು ಡಾಕ್ಟರ್. ಹಂಗಂದ್ರ ಏನ್ರಿ?”

“ಇಳದೈತಿ ಅಂತ, ಹುಸೇನಸಾಬ್ರ. ಜ್ವರ ಇಳದೈತಿ.”

ಅವರ ಮುಖ ಅರಳಿತು. ಅಂದಿನಿಂದ ಅವರ ಬಾಯಲ್ಲಿ ಸಬ್‌ಸೈಡ್ ಎಂದರೆ ಒಳ್ಳೆಯ ಸುದ್ದಿ. ಹೆಂಡತಿಯ ಸಿಟ್ಟು ಸಬ್‌ಸೈಡ್ ಆಗುತ್ತಿತ್ತು, ಹಲ್ಲುನೋವು ಸಬ್‌ಸೈಡ್ ಆಗುತ್ತಿತ್ತು, ಆಳುಗಳ ಜಗಳವೂ ಸಬ್‌ಸೈಡ್ ಆಗುತ್ತಿತ್ತು. ತಪ್ಪೇನೂ ಇರಲಿಲ್ಲ. ಪದವನ್ನು ಅವರು ಸರಿಯಾಗಿಯೇ ಬಳಸುತ್ತಿದ್ದರು.

ಆಮೇಲೆ ಮಳೆ ಹಿಡಿಯಿತು. ಬಿಡುವಿಲ್ಲದೆ ಸುರಿಯಿತು. ತಡೆಗೋಡೆಯಲ್ಲಿ ಅಲ್ಲಲ್ಲಿ ಸಣ್ಣ ಪೈಪುಗಳನ್ನು ಕೂರಿಸಿರುತ್ತಾರೆ. ಹಿಂದಿನ ಮಣ್ಣು ಕುಡಿದ ನೀರು ಅವುಗಳಿಂದ ಹೊರಗೆ ಬರಬೇಕು. ಕೆಲವು ದಿನ ಅವುಗಳಿಂದ ತಿಳಿನೀರು ಬಂತು. ನಂತರ ಕೆಂಪಾಗಿ ಬಂತು. ಒಂದು ಬೆಳಿಗ್ಗೆ ನೋಡಿದರೆ ಸುರಿವ ಮಳೆಯಲ್ಲೂ ಪೈಪುಗಳು ಒಣಗಿದ್ದವು. ಹೆಂಗಸರು ರಾಡಿ ಕಡಿಮೆಯಾಯಿತೆಂದು ಖುಷಿಪಟ್ಟರು. ನನಗದು ಕೆಟ್ಟ ಸೂಚನೆಯಾಗಿ ಕಂಡಿತು. ನೀರು ಹೊರಗೆ ಬರುತ್ತಿಲ್ಲವೆಂದರೆ ಗೋಡೆಯ ಹಿಂದೆ ನಿಂತಿದೆ ಎಂದರ್ಥ.

ಗೋಡೆಯ ಪಕ್ಕದ ಶೆಡ್ಡಿನ ಯಲ್ಲವ್ವ ಅದೇ ಹೊತ್ತಿಗೆ ಬಂದು, “ಮೇಡಂ, ನಮ್ಮ ಬಾಗಲಾ ಹಾಕಾಕ ಬರವಲ್ದು ನೋಡ್ರಿ. ನಿನ್ನಿ ಚಲೋ ಇತ್ತು,” ಎಂದಳು. ಹೋಗಿ ನೋಡಿದೆ. ಚೌಕಟ್ಟು ಒಂದು ಕಡೆಗೆ ವಾಲಿತ್ತು. ಗುಡ್ಡ ಹತ್ತಿ ನೋಡಿದಾಗ ಗೋಡೆಗೆ ಸಮಾನಾಂತರವಾಗಿ ಉದ್ದನೆಯ ಬಿರುಕು ಕಂಡಿತು. ನನ್ನ ಕೊಡೆಯ ತುದಿ ಅದರೊಳಗೆ ಸಲೀಸಾಗಿ ಇಳಿಯಿತು.

ಅಂದೇ ಎಲ್ಲರನ್ನೂ ಶೆಡ್ಡು ಬಿಡಿಸಿ, ಅರೆಬರೆ ಕಟ್ಟಿದ್ದ ಗೋದಾಮಿನೊಳಗೆ ಕಳಿಸಿದೆ. ಅಲ್ಲಿ ಗಾಳಿಗೆ ತಡೆಯಿಲ್ಲ, ಒಲೆ ಹಚ್ಚಲು ಜಾಗವಿಲ್ಲ. ಮಕ್ಕಳು ಒದ್ದೆ ಚಾಪೆಯ ಮೇಲೆ ಅಳುತ್ತಿದ್ದವು. ಮರುದಿನ ಅವರಿಗೆ ಬೇರೆ ವಸತಿ ಕೇಳಲು ಪಣಜಿಯ ಮುಖ್ಯ ಕಚೇರಿಗೆ ಹೊರಟೆ. ಹೊರಡುವಾಗ ಹುಸೇನಸಾಬರಿಗೆ ಹೇಳಿದೆ: “ಇಂಜಿನಿಯರ್ ಬಂದು ನೋಡಿ ಹೇಳೂ ತನಕ ಯಾರನ್ನೂ ಶೆಡ್ಡಿಗೆ ಬಿಡಬ್ಯಾಡ್ರಿ.”

ಅವರು ಮಾತು ಮೀರಲಿಲ್ಲ. ಮಣ್ಣಿನ ತಜ್ಞ ಇಂಜಿನಿಯರ್ ಬೆಳಿಗ್ಗೆ ಬಂದ, ಬಿರುಕನ್ನು ನೋಡಿದ, ಸೈಟಿನ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಾಲು ಹಾಕಿ, ಯಂತ್ರ ತರಿಸಲೆಂದು ಫೋಂಡಾ ಪೇಟೆಗೆ ಹೋದ. ‘ಗ್ರೌಂಡ್ ಬಿಹೈಂಡ್ ದ ವಾಲ್ ಹ್ಯಾಸ್ ಸಬ್‌ಸೈಡೆಡ್.’ ಗೋಡೆಯ ಹಿಂದಿನ ನೆಲ ಕುಸಿದಿದೆ. ಇಂಜಿನಿಯರುಗಳ ನಡುವೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಇನ್ನೊಂದಿಲ್ಲ.

ನಾನು ಸಭೆಯಿಂದ ಹೊರಬಂದು ಆ ಸಾಲು ಓದಿದವಳೇ ಹುಸೇನಸಾಬರಿಗೆ ಫೋನ್ ಮಾಡಿದೆ. ಅತ್ತಲಿಂದ ಹಗುರಾದ ದನಿ.

“ಚಿಂತಿ ಬಿಡ್ರಿ ಮೇಡಂ. ಗ್ವಾಡಿ ಕಾಟ ಸಬ್‌ಸೈಡ್ ಆಗೇತಂತ. ಸಾಹೇಬ್ರು ಮೆಸೇಜ್ ಹಾಕ್ಯಾರ.”

“ಮಂದಿ ಎಲ್ಲದಾರ?”

“ಶೆಡ್ಡಿನ್ಯಾಗ ಅದಾರ್ರಿ. ಹುಡುಗ್ರು ಭಾಳ ಅಳಾಕತ್ತಿದ್ದುವು. ಈಗ ಅಡಗಿ ನಡದೇತಿ.”

ಅವರ ಹಿಂದೆ ಪಾತ್ರೆಗಳ ಸದ್ದು, ಯಾರೋ ನಗುವ ಸದ್ದು ಕೇಳುತ್ತಿತ್ತು. ಕಾರಣ ವಿವರಿಸಲು ಸಮಯವಿಲ್ಲವೆಂದು ಗೊತ್ತಿತ್ತು. ಆದರೆ ಅರ್ಥವಾಗದೆ ಅವರು ಓಡುವುದೂ ಇಲ್ಲ.

“ಹುಸೇನಸಾಬ್ರ, ಇಳದಿದ್ದು ಕಾಟ ಅಲ್ರಿ. ನೆಲ. ಗ್ವಾಡಿ ಹಿಂದಿನ ನೆಲ ಇಳದೈತಿ!”

ಬಾವಿ ತೋಡಿದವರು, ಪಾಯ ಅಗೆದವರು ಅವರು. ನೆಲ ಇಳಿಯುವುದೆಂದರೇನೆಂದು ನಾನು ಹೇಳಿಕೊಡಬೇಕಿರಲಿಲ್ಲ. “ಯಾ ಅಲ್ಲಾ!” ಎಂಬ ಉದ್ಗಾರ, ಆಮೇಲೆ ಫೋನನ್ನು ಕೈಯಲ್ಲಿ ಹಿಡಿದೇ ಓಡುತ್ತ ಕೂಗಿದ್ದು: “ಹೊರಗ ಬರ್ರಿ! ಸಾಮಾನು ಬಿಡ್ರಿ! ಕೂಸುಗಳ್ನ ಎತಗೊಂಡು ಬರ್ರಿ!” ತಗಡು ಬಡಿದ ಸದ್ದು. ಹೆಂಗಸರ ಚೀರಾಟ. ಫೋನ್ ಕಡಿದುಹೋಯಿತು.

ಪಣಜಿಯಿಂದ ಫೋಂಡಾದವರೆಗಿನ ದಾರಿಯನ್ನು ನಾನು ಹೇಗೆ ಕಳೆದೆನೋ ತಿಳಿಯದು. ಫೋನ್ ಮಾಡುತ್ತಲೇ ಇದ್ದೆ. ಯಾರೂ ಎತ್ತಲಿಲ್ಲ. ಸೈಟಿನ ಗೇಟಿನಲ್ಲಿ ಇಳಿದಾಗ ಮೊದಲು ಕಂಡದ್ದು ಕೆಂಪು ಮಣ್ಣು. ತಡೆಗೋಡೆ ನಡುವಿನಿಂದ ಬಾಯಿ ತೆರೆದಿತ್ತು. ಶೆಡ್ಡುಗಳಿದ್ದ ಕಡೆ ಮಡಚಿದ ತಗಡುಗಳು ಮಣ್ಣಿನಿಂದ ಮೇಲೆ ಚಾಚಿಕೊಂಡಿದ್ದವು. ಜನ ಗೋದಾಮಿನ ಮುಂದೆ ಗುಂಪಾಗಿ ನಿಂತಿದ್ದರು. ತಾಯಂದಿರು ತಮ್ಮ ಮಕ್ಕಳ ಹೆಸರು ಹಿಡಿದು ಮತ್ತೆ ಮತ್ತೆ ಕರೆದು, ಮುಟ್ಟಿ ನೋಡುತ್ತಿದ್ದರು.

ಎಲ್ಲರೂ ಬದುಕಿದ್ದರು. ಹೊರಬಂದಿದ್ದ ಯಲ್ಲವ್ವ ಗ್ಯಾಸ್ ಆರಿಸಲೆಂದು ಮತ್ತೆ ಒಳಗೆ ಹೋಗಿದ್ದಳಂತೆ. ಹುಸೇನಸಾಬ ಹಿಂದೆಯೇ ನುಗ್ಗಿ ಅವಳನ್ನು ಎಳೆದು ಹೊರಗೆ ನೂಕುವಷ್ಟರಲ್ಲಿ ಗೋಡೆ ಕುಸಿದು ಬಂತು. ತಗಡಿನ ಅಂಚು ಅವರ ಹೆಗಲನ್ನು ಸೀಳಿತ್ತು, ತೋಳಿನ ಮೂಳೆ ಮುರಿದಿತ್ತು. ಆ ತೋಳು ಆಮೇಲೆ ಪೂರ್ತಿ ಮೇಲೆ ಏಳಲೇ ಇಲ್ಲ.

ಆಸ್ಪತ್ರೆಯಲ್ಲಿ ಅವರು ನನ್ನ ಮುಖ ನೋಡದೆ ಕೇಳಿದರು: “ಖರೇ ಹೇಳ್ರಿ ಮೇಡಂ. ನಾ ಕಲ್ತಿದ್ದು ತಪ್ಪೇನ್ರಿ?”

“ಇಲ್ಲ. ಜ್ವರ, ಸಿಟ್ಟು ಇಳದ್ರ ಚಲೋ. ನೆಲ ಇಳದ್ರ ಕೇಡು. ಶಬ್ದ ಒಂದ, ಹುಸೇನಸಾಬ್ರ.”

“ಕೂಸುಗಳ್ನ ನಾನ ಕೈ ಹಿಡದು ಒಳಗ ಬಿಟ್ಟು ಬಂದಿದ್ನಿ,” ಎಂದರು.

ಪದದ ಅರ್ಥವನ್ನು ನಿಘಂಟು ಹೇಳುತ್ತದೆ. ಅದು ಯಾವುದರ ಜೊತೆ ಸೇರಿದರೆ ಏನಾಗುತ್ತದೆ ಎಂಬುದನ್ನು ಬಳಕೆಯೇ ಕಲಿಸಬೇಕು. ಎಚ್ಚರಿಕೆ ಕೊಡುವವರಿಗೆ ಇನ್ನೂ ಒಂದು ಹೊಣೆಯಿದೆ. ಏನಾಗಿದೆ ಎಂದು ಹೇಳಿದರೆ ಸಾಲದು, ಏನು ಮಾಡಬೇಕೆಂದೂ ಕೇಳುವವನ ಭಾಷೆಯಲ್ಲೇ ಹೇಳಬೇಕು. ನನ್ನ ಉಳಿದ ಸೇವಾವಧಿಯಲ್ಲಿ ಇದನ್ನು ಬಿಡದೆ ಪಾಲಿಸಿದೆ.

ನಾನು ನಿವೃತ್ತಳಾದ ಮೇಲೂ ಹುಸೇನಸಾಬ ಆಗಾಗ ಫೋನ್ ಮಾಡುತ್ತಾರೆ. ಈಗ ಗೋವಾದ ಮಾಪುಸಾ ಹತ್ತಿರದ ಒಂದು ಕಾಮಗಾರಿಯಲ್ಲಿದ್ದಾರೆ. ಇಂಗ್ಲಿಷಿನಲ್ಲಿ ಏನಾದರೂ ಸಂದೇಶ ಬಂದರೆ ನನಗೆ ಕಳಿಸುತ್ತಾರೆ. ನಾನು ಒಂದೊಂದೇ ಪದದ ಅರ್ಥ ಬಿಡಿಸಲು ಹೊರಟರೆ ಮಧ್ಯದಲ್ಲೇ ತಡೆಯುತ್ತಾರೆ.

“ಅರ್ಥ ಆಮ್ಯಾಲೆ ಹೇಳ್ರಿ ಮೇಡಂ. ಮೊದ್ಲ ಇಷ್ಟು ಹೇಳ್ರಿ, ಮಂದಿ ಇಲ್ಲೆ ಇರಬೇಕೋ, ಎಬ್ಬಿಸಬೇಕೋ?”