ಬರ್ಮಾದಿಂದ ಬಂದ ಚೂರಿ

ನನ್ನ ದೊಡ್ಡಮ್ಮ ನರಿಕೊಂಬಿನಲ್ಲಿದ್ದರು. ಮದುವೆಯಾದ ವರ್ಷವೇ ಅವರ ಗಂಡ ಸೈನ್ಯಕ್ಕೆ ಸೇರಿ ಬರ್ಮಾಕ್ಕೆ ಹೋದವರು ಕಾಣೆಯಾದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಅವರ ಜೊತೆ ಸೈನ್ಯದಲ್ಲಿದ್ದ ಕಕ್ಕಿಂಜೆಯ ಒಬ್ಬ ಸಿಪಾಯಿ ಮನೆ ಹುಡುಕಿಕೊಂಡು ಬಂದ. ಜಪಾನಿನವರು ಬ್ರಿಟಿಷ್ ಸೈನ್ಯವನ್ನು ಬರ್ಮಾದಿಂದ ಓಡಿಸಿದಾಗಲೇ ದೊಡ್ಡಮ್ಮನ ಗಂಡ ದಾರಿಯಲ್ಲಿ ಸತ್ತರೆಂದು ಹೇಳಿ, ಅವರದೇ ಎಂದು ಒಂದು ಚೂರಿ ಕೊಟ್ಟುಹೋದ. ಅದನ್ನು ನಂಬಿ ದೊಡ್ಡಮ್ಮನ ಕರಿಮಣಿ ತೆಗೆಸಿದರು. ಹೆಣವಿಲ್ಲದೆಯೇ ಉತ್ತರಕ್ರಿಯೆ ನಡೆಯಿತು.

ಎಪ್ಪತ್ತರ ದಶಕದಲ್ಲಿ ನಾನು ಮೂಡುಬಿದಿರೆಯಲ್ಲಿ ಟೀಚರಾಗಿದ್ದೆ. ನೆರೆಮನೆಯ ನಿವೃತ್ತ ಮಿಲಿಟರಿ ಡಾಕ್ಟರರಿಗೆ ಯುದ್ಧದ ಚೂರಿಗಳನ್ನು ಕೂಡಿಡುವ ಹುಚ್ಚು. ವಿಷಯ ತಿಳಿಸಿದಾಗ ದೊಡ್ಡಮ್ಮ ಹಳೇ ಸೀರೆಯಲ್ಲಿ ಚೂರಿ ಸುತ್ತಿಕೊಂಡು ಬಸ್ಸು ಹತ್ತಿ ಬಂದೇಬಿಟ್ಟರು. ಗಂಡ ಹಿಡಿದ ಆಯುಧದ ಬಗ್ಗೆ ಯಾರಾದರೂ ಎರಡು ಮಾತು ಹೇಳಲಿ ಎಂಬ ಆಸೆ ಅವರಿಗೆ.

ಡಾಕ್ಟರರು ಎರಡೂ ಬದಿ ಹರಿತವಾದ ಅಲಗನ್ನು ನೋಡಿದರು. ಬ್ರಿಟಿಷ್ ಸರಕಾರದ ಬಾಣದ ಗುರುತು ತೋರಿಸಿದರು. ಹಿಡಿಯ ಮೇಲೆ ಬೆರಳಾಡಿಸಿ, ಅದನ್ನು ಮತ್ತೆ ಬೆಳಕಿಗೆ ಹಿಡಿದರು.

"ಯಾಕೆ ಡಾಕ್ಟ್ರೇ?" ದೊಡ್ಡಮ್ಮ ಕೇಳಿದರು.

"ಅಮ್ಮ, ಈ ಜಾತಿಯ ಮೊದಲಿನ ಚೂರಿಗಳ ಹಿಡಿಯಲ್ಲಿ ಸಣ್ಣ ಸಣ್ಣ ಚೌಕುಳಿ ಉಂಟು. ಹೀಗೆ ಉಂಗುರ ಉಂಗುರದ ಹಿಡಿ ಬಂದದ್ದು ಆಮೇಲೆ. ನಮ್ಮ ಸೈನ್ಯ ಬರ್ಮಾ ಬಿಟ್ಟು ಓಡುವಾಗ ಇದು ಹುಟ್ಟಿಯೇ ಇರಲಿಲ್ಲ."

"ಹಾಗಾದ್ರೆ ಅವರು ಮತ್ತೂ ಬದುಕಿದ್ದರಾ?"

"ಇದ್ದರೋ ಏನೋ. ಅಥವಾ ಇದು ಬೇರೆ ಯಾರದ್ದೋ. ಚೂರಿ ನೋಡಿ ಅಷ್ಟು ಹೇಳ್ಲಿಕ್ಕೆ ಆಗುದಿಲ್ಲ."

ಮರುದಿನವೇ ನಾವಿಬ್ಬರೂ ಕಕ್ಕಿಂಜೆಗೆ ಹೋದೆವು. ಸಿಪಾಯಿ ತೀರಿಕೊಂಡಿದ್ದ. ಅವನ ಹೆಂಡತಿ ಚೂರಿಯನ್ನು ಕಂಡ ಕೂಡಲೇ ಗುರುತಿಸಿದಳು.

"ಇಂಥದ್ದು ಇನ್ನೂ ಇತ್ತು ಅಕ್ಕ. ಮಿಲಿಟರಿಯಿಂದ ಬರುವಾಗ ತಂದದ್ದು. ಕಾಣೆಯಾದ ಜೊತೆಯವರ ಮನೆಗೆ ಬರಿಗೈಯಲ್ಲಿ ಹೋಗುದು ಹೇಗೆ ಅಂತ ಒಂದೊಂದು ಕೊಟ್ಟು ಬಂದ್ರು."

"ನಮ್ಮವರು ಸತ್ತದ್ದನ್ನು ನಿನ್ನ ಗಂಡ ಕಣ್ಣಾರೆ ನೋಡಿದ್ದಾರಾ?"

ಅವಳು ತಲೆ ತಗ್ಗಿಸಿದಳು. "ಕಾಣೆಯಾದವರು ಎಲ್ಲಿಂದ ಬರ್ತಾರೆ, ಮನೆಯವರು ಕಾಯುದು ಬೇಡ ಅಂತ ಹೇಳ್ತಿದ್ರು."

ದೊಡ್ಡಮ್ಮ ಬೈಯಲಿಲ್ಲ. ಅವಳು ಕೊಟ್ಟ ನೀರು ಕುಡಿದರು, ಚೂರಿಯನ್ನು ಜಗಲಿಯ ಮೇಲೆ ಬಿಟ್ಟು ಎದ್ದರು. ಬಂಟ್ವಾಳದಲ್ಲಿ ಬಸ್ಸಿಳಿದ ಮೇಲೆ ನನ್ನ ಕೈ ಹಿಡಿದು, "ನಾನು ಕಾಯಬಹುದಿತ್ತು ಮಗಾ," ಎಂದರು.

ಆ ವರ್ಷ ಅವರು ಗಂಡನ ಶ್ರಾದ್ಧ ಮಾಡಿಸಲಿಲ್ಲ. ಭಟ್ಟರು ಹೇಳಿ ಕಳುಹಿಸಿದಾಗ, "ಯಾವ ದಿನ ಅಂತ ಮಾಡುದು?" ಎಂದು ಕೇಳಿದರಂತೆ. ಸಾಯುವವರೆಗೂ ಮಾಡಿಸಲಿಲ್ಲ.