ಆಫ್ ಮಾಡದ ಇಂಜಿನ್

ತಿಪ್ಪಸಂದ್ರದ ಟೀ ಅಂಗಡಿ. ಮಳೆ ಈಗಷ್ಟೇ ನಿಂತಿದೆ. ನಾನು ಲಿಫ್ಟ್ ಕೇಳಿ ಹತ್ತಿದ್ದ ಹೊಸ ಪಿಕಪ್ ಹತ್ತು ನಿಮಿಷದಿಂದ ಎದುರಿಗೇ ಗುರುಗುಡುತ್ತ ನಿಂತಿದೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ತಮ್ಮೂರು ಕಲ್ಯಕ್ಕೆ ಹೊರಟ ಐದು ಜನ ಹೆಂಗಸರು ಅದರ ಹಿಂಭಾಗದಲ್ಲಿ ಕಂಬಿ ಹಿಡಿದು ನಿಂತಿದ್ದಾರೆ.

ತಪ್ಪು ನನ್ನದೇ. ತೋಟದ ಕೆಸರಿನಲ್ಲಿ ಚಕ್ರ ಹೂತಾಗ, ಚಕ್ರ ಜಾರಿದೊಡನೆ ಇಂಜಿನ್ನಿನ ಎಳೆತ ತಗ್ಗಿಸಿ ಗಾಡಿ ಜಾರದಂತೆ ತಡೆಯುವ ವ್ಯವಸ್ಥೆಯ ಬಟನ್ ಎಲ್ಲಿದೆ ಎಂದು ಡ್ರೈವರ್ ಶಿವಣ್ಣನಿಗೆ ತೋರಿಸಿ ಆಫ್ ಮಾಡಿಸಿದ್ದೆ. ಗಾಡಿ ಒಂದೇ ಎಳೆತಕ್ಕೆ ಮೇಲೆ ಬಂತು. ಟಾರು ರಸ್ತೆ ಸಿಕ್ಕಿದ ಮೇಲೆ ಮತ್ತೆ ಆನ್ ಮಾಡು ಎಂದರೆ ಅವನು ಕೇಳಲಿಲ್ಲ. ಮೊದಲ ತಿರುವಿನಲ್ಲೇ ಹಿಂದಿನ ಚಕ್ರಗಳು ಪಕ್ಕಕ್ಕೆ ಜಾರಿದವು. ಹೆಂಗಸರು ಕಿರುಚಿಕೊಂಡರು, ಅವನು ನಕ್ಕ.

"ಟೀ ಕುಡಿಯುವಾಗಲಾದರೂ ಇಂಜಿನ್ ಆಫ್ ಮಾಡಪ್ಪ," ಎಂದೆ.

"ಆಫ್ ಮಾಡಿ ಸ್ಟಾರ್ಟ್ ಮಾಡುದ್ರೆ ಆ ಬಟನ್ನು ತಿರ್ಗಾ ತಾನೇ ಆನಾಯ್ತದೆ ಸಾರ್. ಇವಾಗ ಹೆಂಗ್ ಎಳೀತಾ ಐತೆ ನೋಡಿ! ನೀವೇ ತಾನೆ ಯೋಳ್ಕೊಟ್ಟಿದ್ದು?"

ಗಾಡಿಯ ಮೇಲಿಂದ ಒಬ್ಬ ಹೆಂಗಸು ಕೂಗಿದಳು: "ಅಣ್ಣ, ಒಸಿ ನಿಧಾನಕ್ಕೋಗು ಅಂತ ನೀವಾರ ಯೋಳಿ. ನಿಮ್ಮಾತು ಕೇಳ್ತಾನೆ."

ನಾನು ಹೇಳಿದ್ದು ಬೇರೆ. ಇಲ್ಲೇ ಒಬ್ಬರನ್ನು ನೋಡಬೇಕು, ಬಸ್ಸಿಗೆ ಬರುತ್ತೇನೆ ಎಂದು ಸುಳ್ಳು ಹೇಳಿ ನನ್ನ ಬ್ಯಾಗ್ ಇಳಿಸಿಕೊಂಡೆ.

ಶಿವಣ್ಣ ಹೆಂಗಸರ ಕಾಲಬಳಿ ಇದ್ದ ರೇಷ್ಮೆಗೂಡಿನ ಚೀಲವನ್ನು ತಂದು ಮುಂದೆ ತನ್ನ ಪಕ್ಕದ ನನ್ನ ಸೀಟಿನಲ್ಲಿ ಕೂರಿಸಿದ. ಜಾರಿ ಬಿದ್ದು ಗೂಡು ಹಾಳಾಗಬಾರದೆಂದು ಅದಕ್ಕೆ ಬೆಲ್ಟ್ ಬಿಗಿದ.